ನೈಋತ್ಯಕ್ಕೆ ಬಾಯಿ

ಕೆಲಸ ಸುಲಭ ಅಂದಿದ್ದರು.
ಮಾಳಿಗೆ ಮೇಲೊಂದು ಹಳೇ ಮಂಘು,
ಸುಣ್ಣ ಉದುರಿದ ಗಾಳಿಗೂಡು;
ಕೆಡವಿ, ಅದೇ ಜಾಗದಲ್ಲಿ
ಏಸಿಯ ಹೊರಪೆಟ್ಟಿಗೆ ಕೂರಿಸಬೇಕು.
ಎರಡು ತಾಸು. ಚಹಾ ಸೇರಿದರೆ ಎರಡೂವರೆ.

ಸಿಂಧಿನ ಹೈದರಾಬಾದು, ಜೂನ್, ಮಧ್ಯಾಹ್ನ.
ಏಣಿ ಮುಟ್ಟಿದರೆ ಅಂಗೈ ಅದರದ್ದೇ ಆಗುತ್ತದೆ.
ಒಂದು ಕಾಲಕ್ಕೆ ಈ ಊರಿನ ಮಾಳಿಗೆಗಳೆಲ್ಲ
ನೈಋತ್ಯಕ್ಕೆ ಬಾಯಿ ತೆರೆದಿದ್ದವಂತೆ,
ತಾಯಿಯ ರೆಕ್ಕೆ ಸದ್ದಿಗೆ ಕೊಕ್ಕೆತ್ತಿದ ಮರಿಗಳ ಹಾಗೆ.
ನಾನು ಎಣಿಸಿದ್ದು ಐದು.
ಒಂದರೊಳಗೆ ಡಿಶ್ ಆಂಟೆನಾ.

ಬಾಯಿಗೆ ಹಲಗೆ ಬಡಿದಿದ್ದರು.
ಉಳಿಯಿಟ್ಟು ಮೊದಲ ಏಟು ಹಾಕಿದ್ದೇ
ಎರಡು ಅಂತಸ್ತಿನ ಕೆಳಗಿನಿಂದ
ಗೋಡೆಯೊಳಗೇ ಹತ್ತಿ ಬಂತೊಂದು ದನಿ:
"ಯಾರಪ್ಪ ನೀನು?"
"ಪರ್ಯಲ್" ಅಂದೆ, ಬಾವಿಗೆ ಹೆಸರು ಹೇಳುವವನ ಹಾಗೆ.
"ಯಾರ ಮಗ?"
"ಕೊಟ್ರಿಯ ಖಮೀಸೋ ಮಗ."
"ಹಲಗೆ ಪೂರ್ತಿ ತೆಗಿ. ಆಮೇಲೆ ಕೆಡವುವಿಯಂತೆ."

ಮೊಳೆ ಕಿತ್ತೆ. ಹಿಕ್ಕೆ, ಗರಿ,
ಪಾರಿವಾಳಗಳ ಮೂವತ್ತು ವರ್ಷ,
ಒಂದು ಗಾಳಿಪಟದ ಎಲುಬು.
ಮತ್ತೆ
ಏನೂ ಆಗಲಿಲ್ಲ.
ಒಳಗೊಳಗೇ ಖುಷಿಯಾಯಿತು:
ಸತ್ತದ್ದನ್ನು ಕೆಡವಿದರೆ ಪಾಪವಿಲ್ಲ.

ಡ್ರಿಲ್ ಒತ್ತಿದೆ. ಗುಂಯ್ ಅಂದದ್ದು ಅರ್ಧಕ್ಕೇ ನಿಂತಿತು.
ಕರೆಂಟು ಹೋಗಿತ್ತು. ಇಡೀ ಗಲ್ಲಿಯ ಫ್ಯಾನುಗಳು
ನಿಧಾನ ಸುತ್ತಿ ಸುಮ್ಮನಾದವು.
ನೀರು ಕೇಳೋಣವೆಂದು ಇಳಿದೆ.
ಸೂರಿನ ತೂತಿನಡಿ ಚಾಪೆ; ಮಾಯಿ ಸಭಾಗಿ, ಸುತ್ತ ಸೊಸೆಯರು,
ತುಂಡುಬಟ್ಟೆಯ ಕೌದಿಗೆ ದಾರ ಓಡಿಸುತ್ತ.
"ಅಸರ್ ನಮಾಜಿನ ಹೊತ್ತಾಗಲಿ" ಅಂದಳು,
"ದೂರದಿಂದ ಬರಬೇಕು ಅವನು,
ಕೇಟಿ ಬಂದರದಿಂದ, ನಡೆದೇ."

ಬಂದ.
ಮೊದಲು ಧೂಳು; ಎಲ್ಲರಿಗೂ ಸೀನು.
ಆಮೇಲೆ ಸೂಜಿಯ ದಾರ ಅಲುಗಿತು.
ಆಮೇಲೆ ನನ್ನ ಕತ್ತಿನ ಹಿಂದೆ, ಬೆವರಿದ್ದಲ್ಲಿ,
ಯಾರೋ ಒದ್ದೆ ಬೆರಳಲ್ಲಿ ಬರೆದ ಹಾಗೆ.
ಉಪ್ಪಿನ ವಾಸನೆ. ಬಲೆಯದು. ಕೆಸರಿನದು.

ಹದಿನಾಲ್ಕು ವರ್ಷದ ಕಸುಬಿನಲ್ಲಿ
ಗಿರಾಕಿಗೆ ನಾನು ಹೇಳದ ಮಾತೊಂದಿದೆ:
ನನ್ನ ಪೆಟ್ಟಿಗೆ ಸೆಕೆಯನ್ನು ಕೊಲ್ಲುವುದಿಲ್ಲ,
ಹೊತ್ತೊಯ್ದು ಪಕ್ಕದ ಮನೆಯ ಕಿಟಕಿಗೆ ಸುರಿಯುತ್ತದೆ.
ಈ ಗೂಡು ಯಾರದ್ದನ್ನೂ ಯಾರಿಗೂ ಸುರಿಯಲಿಲ್ಲ.
ಸುಮ್ಮನೆ ಬಾಯಿ ತೆರೆದಿತ್ತು.

ಏಸಿಯನ್ನು ಹಿತ್ತಿಲ ಗೋಡೆಗೆ ಕೂರಿಸಿದೆ;
ಕೂಲಿ ಬೇಕಲ್ಲ.
ಹಲಗೆಗೆ ಮಾತ್ರ ಎರಡು ತಿರುಗಣಿ, ಒಂದು ಹಗ್ಗ,
ಚಳಿಗೆ ಮುಚ್ಚಲು, ಬಿಸಿಲಿಗೆ ತೆರೆಯಲು.
ಅದರ ಲೆಕ್ಕ ಚೀಟಿಯಲ್ಲಿ ಬರೆಯಲಿಲ್ಲ.
ಕೊನೆಯ ಸ್ಕ್ರೂ ತಿರುಗಿಸುವಾಗ
ಗೋಡೆ ಮತ್ತೆ ಕರೆಯಿತು:
"ಪರ್ಯಲ್, ಬೇಗ ಇಳಿ,
ಗಾಳಿಗೆ ಚಹಾ ಆರುತ್ತಿದೆ."