ನಾಲ್ಕು ಸೆಕೆಂಡು, ಚಿಲ್ಲರೆ

ಏಪ್ರಿಲ್ ಮುಗಿಯುತ್ತ ಬಂದರೂ ಬಫಲೋದ ಬಸ್ ಡಿಪೋದಲ್ಲಿ
ಚಕ್ರಗಳ ಸಂದಿಯಿಂದ ಇನ್ನೂ ಉದುರುತ್ತದೆ
ಉಪ್ಪು ಕಲೆಸಿದ ಕರಿಮಂಜು.
ಅಂಥದೊಂದು ಗುರುವಾರ ರಾತ್ರಿ, ಊಟದ ಕೋಣೆಯ ಟೀವಿಯಲ್ಲಿ
ನಮ್ಮ ತಂಡ ಆರಿಸಿಕೊಂಡಿತು ಒಬ್ಬ ಹುಡುಗನನ್ನು.
ಟ್ರೇವನ್ ಗಿಲ್ಯಾಮ್. ಇಪ್ಪತ್ತೊಂದು ವಯಸ್ಸು. ನೇರಳೆ ಸೂಟು.
ನಲವತ್ತು ಗಜಕ್ಕೆ ನಾಲ್ಕು ಸೆಕೆಂಡು, ಮೇಲೊಂದಿಷ್ಟು ಚಿಲ್ಲರೆ.

"ಚಿಲ್ಲರೆಯೇ ಸರಿ," ಎಂದ ಕ್ಯಾಜ್ಮಿರ್,
ಮೂವತ್ತೊಂದು ವರ್ಷ ಒಂದೇ ರೂಟಿನಲ್ಲಿ ಬಸ್ಸು ಹೊಡೆದವ.
"ನಮಗೆ ಬೇಕಿದ್ದದ್ದು ಗೋಡೆ. ಮುನ್ನೂರು ಪೌಂಡಿನ ಗೋಡೆ.
ಚೆಂಡೆಸೆಯುವವನ ಪಕ್ಕೆಲುಬು ಹೋದ ವರ್ಷ ಎಷ್ಟು ಸಲ ಮುರಿಯಿತು?
ಮನೆಗೆ ಕದವಿಲ್ಲ, ಇವರು ತಂದದ್ದು ಗಾಳಿಪಟ!"

"ಎರಡು ಸಲ," ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ.
ನಾನು ಬ್ರೇಕ್ ರಿಪೇರಿಯವನು; ನಿಲ್ಲಿಸುವುದು ನನ್ನ ಕೆಲಸ,
ವೇಗದ ಮಾತು ಬಂದಾಗ ನನ್ನನ್ನು ಯಾರು ಕೇಳುತ್ತಾರೆ.

ಮುಸೈದ್ ಫ್ಲಾಸ್ಕಿನಿಂದ ಏಲಕ್ಕಿ ಚಹಾ ಬಗ್ಗಿಸುತ್ತ:
"ಗೋಡೆ ಕಟ್ಟಿಕೊಂಡೇ ಎಷ್ಟು ವರ್ಷ ಸೋತಿದ್ದೇವೆ, ಲೆಕ್ಕ ಇಟ್ಟಿದ್ದೀಯಾ?
ಆ ಹುಡುಗ ಸುಮ್ಮನೆ ಅಂಚಿನಲ್ಲಿ ನಿಂತರೂ ಸಾಕು,
ಎದುರಿನವರಲ್ಲಿ ಇಬ್ಬರು ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ.
ಭಯಕ್ಕೂ ಒಂದು ತೂಕ ಇದೆ ಮಾರಾಯ."

"ಕೈ?" ಕ್ಯಾಜ್ಮಿರ್ ಮೇಜು ಕುಟ್ಟಿದ. "ಅವನ ಕೈ ನೋಡಿದ್ದೀಯಾ?
ಹನ್ನೊಂದು ಚೆಂಡು ಬಿಟ್ಟಿದ್ದಾನೆ ಕಾಲೇಜಿನಲ್ಲಿ, ಒಂದೇ ವರ್ಷ.
ಬೆಣ್ಣೆ ಸವರಿದ ಕೈ. ಬರಿಗೈಯಲ್ಲಿ ತಲುಪುವವನು
ಬೇಗ ತಲುಪಿ ಮಾಡುವುದೇನು?"

ಈ ಮಾತಿಗೆ ಕೋಣೆ ಒಂದು ಗಳಿಗೆ ಸುಮ್ಮನಾಯಿತು.
ಟೀವಿಯಲ್ಲಿ ಹುಡುಗನ ತಾಯಿ ಅಳುತ್ತಿದ್ದಳು.
ಅವಳ ಟೋಪಿ ಓರೆಯಾಗಿತ್ತು, ಸರಿಪಡಿಸಲು ಯಾರಿಗೂ ಹೊಳೆಯಲಿಲ್ಲ.

ಲೋರೇನ್ ಆಗಲೇ ಹಳೆಯ ಜೆರ್ಸಿಯ ಬೆನ್ನಿನಿಂದ
ಬಿಟ್ಟು ಹೋದವನೊಬ್ಬನ ಹೆಸರನ್ನು ಬ್ಲೇಡಿನಲ್ಲಿ ಬಿಡಿಸುತ್ತಿದ್ದಳು,
ಒಂದೊಂದೇ ಅಕ್ಷರ, ಬಟ್ಟೆ ಹರಿಯದಂತೆ.
ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾವು ನಕ್ಕೆವು.
"ನಗಿ," ಎಂದಳು. "ಇದೇ ಬಟ್ಟೆಯಲ್ಲಿ ಹದಿನೇಳು ಕೂಸಿಗೆ ಹೊಲಿದಿದ್ದೇನೆ.
ಎರಡೋ ಮೂರೋ ಉಳಿದವು."

ಆಮೇಲಿನದನ್ನು ಯಾರು ಶುರುಮಾಡಿದರೋ. ಬಹುಶಃ ಟಿರೆಲ್,
ಕೆಲಸಕ್ಕೆ ಸೇರಿ ಇನ್ನೂ ಆರು ವಾರ:
"ನಲವತ್ತು ಗಜ ಅಂದರೆ ಎಷ್ಟು, ಗೊತ್ತಾ ನಿಮಗೆ?
ಮೂರು ಬಸ್ಸು, ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ."

ಶೆಡ್ಡಿನಲ್ಲಿ ಮೂರು ಬಸ್ಸು ನಿಂತೇ ಇದ್ದವು.

ಲೋರೇನ್ ಬ್ಲೇಡು ಕೆಳಗಿಟ್ಟಳು. ಐವತ್ತೆಂಟು ವಯಸ್ಸು,
ಎಡ ಮೊಣಕಾಲಿನೊಳಗೆ ಆಸ್ಪತ್ರೆ ಕೂರಿಸಿದ ಲೋಹ.
ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ,
ಡೀಸೆಲ್ ಕಲೆಯ ನೆಲದ ಮೇಲೆ ಮೂರು ಬೆರಳೂರಿ ಬಗ್ಗಿದಳು,
ಆ ಹುಡುಗರು ಬಗ್ಗುವ ಹಾಗೆಯೇ.

ಓಡಿದಳು.
ಮೊದಲ ಬಸ್ಸು ದಾಟುವವರೆಗೆ ನಾವು ನಗುತ್ತಿದ್ದೆವು.
ಎರಡನೆಯದರ ಪಕ್ಕ ಅವಳ ಕ್ಲಿಪ್ಪು ಬಿದ್ದು ಕೂದಲು ಬಿಚ್ಚಿತು,
ಕ್ಯಾಜ್ಮಿರ್ ಕೂಗತೊಡಗಿದ್ದ, ಏನೆಂದು ಅವನಿಗೇ ಗೊತ್ತಿಲ್ಲ,
ದನಿ ತಗಡಿನ ಚಾವಣಿಗೆ ಬಡಿದು ಪಾರಿವಾಳಗಳೆದ್ದವು.
ಮೂರನೆಯದರ ಕೊನೆಯಲ್ಲಿ ಅವಳಿಗೆ ನಿಲ್ಲಲಾಗಲಿಲ್ಲ;
ಎದುರಿನ ಗೋಡೆಗೆ ಎರಡೂ ಅಂಗೈ ಕೊಟ್ಟಳು.
ಗೋಡೆ ಹಿಡಿಯಿತು.

"ಎಷ್ಟು?" ಎಂದಳು, ಉಸಿರಿಗೆ ಉಸಿರು ಸೇರದೆ.

ಸ್ಟಾಪ್‌ವಾಚು ಕ್ಯಾಜ್ಮಿರನ ಕೈಯಲ್ಲಿತ್ತು.
ಒತ್ತಿರಲಿಲ್ಲ. ಹೊರಟಾಗಲೂ ಇಲ್ಲ, ಮುಟ್ಟಿದಾಗಲೂ ಇಲ್ಲ.
ಒಂದರ ಪಕ್ಕ ಒಂದು ಸೊನ್ನೆ.
"ಬೆಣ್ಣೆ ಯಾರ ಕೈಗೆ ಸವರಿದ್ದು?" ಎಂದ ಮುಸೈದ್, ಮೆಲ್ಲಗೆ.

ವಾದ ಮುಗಿಯಲಿಲ್ಲ. ಸೆಪ್ಟೆಂಬರಿಗೆ ಮುಗಿದೀತು,
ಇಲ್ಲವೇ ನಮ್ಮ ಪಿಂಚಣಿಯ ಜೊತೆ.
ಹನ್ನೆರಡೂ ಐದರ ಕೊನೆಯ ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು.
ಗೇಟಿನಲ್ಲಿ ಕ್ಯಾಜ್ಮಿರ್ ಬ್ರೇಕೊತ್ತಿದ, ಕಿಟಕಿ ಸರಿಸಿ
ಚಳಿಗೆ ಮುಖ ಕೊಟ್ಟು, ನನ್ನನ್ನೇ ಕೇಳಿದ:
"ಒಂದು ವೇಳೆ, ಆ ಹುಡುಗ ಹಿಡಿದುಬಿಟ್ಟರೆ?"