ಹದಿನೆಂಟು ಕೋಲು

ಬಿಸಿಯೂಟಕ್ಕೆ ಬೇಯಿಸಿದ ಮೊಟ್ಟೆಗಳಲ್ಲಿ ಒಂದನ್ನು
ಅಡುಗೆಯ ಅಪ್ಪಿಯಕ್ಕನಲ್ಲಿ ಕಾಡಿ ಬೇಡಿ ತಂದು
ಸಿಪ್ಪೆ ಸುಲಿಯದೆಯೇ ಚೂರಿಯಿಂದ ಎರಡು ಹೋಳು ಮಾಡಿದೆ.
ನೋಡಿ ಮಕ್ಕಳೇ, ಇದು ಭೂಮಿ.
ಈ ಚಿಪ್ಪು ನಾವು ನಿಂತ ನೆಲ,
ಬಿಳಿಯದು ಅದರಡಿಯ ಬಿಸಿ ಬಂಡೆ,
ಹಳದಿ, ನಟ್ಟನಡುವೆ ಕುದಿಯುವ ಕಬ್ಬಿಣ.

ಮೊಟ್ಟೆ ತಿನ್ನದ ಮನೆಯ ಶ್ರೀವತ್ಸ
ತನಗೆ ಸಿಕ್ಕ ಬಾಳೆಹಣ್ಣನ್ನು ಎತ್ತಿ ಹಿಡಿದು
'ನನ್ನ ಭೂಮಿಗೆ ಎರಡೇ ಪದರ' ಎಂದ.
ನಗು ಮಾಡಿನ ಹಂಚಿನವರೆಗೆ ಹೋಗಿ ಇಳಿಯಿತು.
'ಯಾರು ಟೀಚರ್ ಒಳಗೆ ಹೋಗಿ ನೋಡಿ ಬಂದದ್ದು?'
ಮುಆಝ್ ಕೇಳಿದ.
ಯಾರೂ ಹೋಗಿಲ್ಲ, ಅಂದೆ. ನೆಲ ನಡುಗಿದಾಗ
ಆ ನಡುಕ ಬಾಗುವ ದಾರಿ ನೋಡಿ ಊಹಿಸಿದ್ದು.
ಹಲಸಿನಕಾಯಿಗೆ ಬೆರಳಲ್ಲಿ ಬಡಿದು
ಬಲಿತಿತೋ ಎಂದು ಕಿವಿಗೊಡುವುದಿಲ್ಲವೇ, ಹಾಗೆ.

ಕೊನೆಯ ಬೆಂಚಿನಿಂದ ನಿಶ್ಮಿತಾ:
'ಟೀಚರ್, ಶೇಡಿ ಎಲ್ಲಿ?'

ಪುಸ್ತಕದಲ್ಲಿ ಹುಡುಕಿದೆ.
ಭೂಕವಚ ಇತ್ತು, ಕೇಂದ್ರಗೋಳ ಇತ್ತು,
ಬಣ್ಣ ಬಣ್ಣದ ಬಾಣದ ಗುರುತುಗಳಿದ್ದವು.
ಶೇಡಿ ಇರಲಿಲ್ಲ.

ಶನಿವಾರ ಬೆಳಗ್ಗಿನ ತರಗತಿ ಬಿಟ್ಟ ಮೇಲೆ
ಇಪ್ಪತ್ತಮೂರು ಮಂದಿ ಸಾಲಾಗಿ
ಶಿರ್ವದ ಪದವಿನ ಅಂಚಿಗೆ, ಸಿಂತಿಯಾ ಬಾಯಿಯ ಹಿತ್ತಿಲಿಗೆ ಹೋದೆವು,
ಅವಳ ಅಪ್ಪ ಐತಪ್ಪಣ್ಣ ತೋಡುವ ಬಾವಿ ನೋಡಲು.
ಹತ್ತು ಹೆಜ್ಜೆ ದೂರಕ್ಕೆ ಹಗ್ಗ ಕಟ್ಟಿ ನಿಲ್ಲಿಸಿ
ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಬಗ್ಗಿಸಿದೆ.

ಮೇಲೆ ಒಂದು ಮೊಳ ಮಣ್ಣು, ಬೇರಿನ ಜಡೆ.
ಅದರ ಕೆಳಗೆ ಮುರಕಲ್ಲು,
ಜೇನುಗೂಡಿನಂತೆ ತೂತು ತೂತು, ತುಕ್ಕಿನ ಬಣ್ಣ.
ತುಕ್ಕೇ ಅದು, ಅಂದೆ. ಲೆಕ್ಕವಿಲ್ಲದಷ್ಟು ಮಳೆಗಾಲ
ಕಲ್ಲಿನಲ್ಲಿದ್ದದ್ದನ್ನೆಲ್ಲ ತೊಳೆದು ಒಯ್ದ ಮೇಲೂ
ಕಬ್ಬಿಣ ಹಟ ಹಿಡಿದು ಉಳಿದದ್ದು.
ನಮ್ಮ ಶಾಲೆಯ ಪಾಗಾರವೂ ಇದೇ.

ಅದರ ಕೆಳಗೆ ಬಂತು ಶೇಡಿ:
ಬಿಳಿ, ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ನಸುಗೆಂಪು,
ಬೆರಳಿಗೆ ಬೆಣ್ಣೆ.
ನಿಶ್ಮಿತಾ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು,
'ಅಪ್ಪ ಹೆದರುವುದು ಇದಕ್ಕೇ.
ಮುರಕಲ್ಲು ನಿಲ್ಲುತ್ತದೆ. ಶೇಡಿ ಹೇಳದೆ ಜಾರುತ್ತದೆ.'
ಚಿಕ್ಕಪ್ಪನ ಹೆಸರು ಅವಳು ಎತ್ತಲಿಲ್ಲ.
ನಾನೂ ಕೇಳಲಿಲ್ಲ.

ರಾಟೆ ಕಿರುಗುಟ್ಟಿ ಬುಟ್ಟಿ ಮೇಲೆ ಬಂತು.
'ಟೀಚರ್, ಪಾದೆ ಸಿಕ್ಕಿತು! ನೀರು ಇದರ ಸಂದಿನಲ್ಲಿ'
ಐತಪ್ಪಣ್ಣನ ಸ್ವರವನ್ನು ಬಾವಿ ದೊಡ್ಡದು ಮಾಡಿ ಕಳಿಸಿತು.
ಬುಟ್ಟಿಯ ಕಲ್ಲಿನ ಚೂರಿನಲ್ಲಿ ಮಿನುಗಿದ್ದನ್ನು
ರಿಯೋನಾ ಉಗುರಿನಿಂದ ಕೆರೆದು ಎಬ್ಬಿಸಿದಳು: 'ಚಿನ್ನ!'
ಅಲ್ಲ, ಕಾಗೆಬಂಗಾರ.
'ಕಾಗೆಗಾದರೂ ಬಂಗಾರವೇ ಅಲ್ವಾ' ಎಂದು
ಕಂಪಾಸು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದಳು.

ಅಂದು ಮನೆಗೆ ಹೋದ ಯೂನಿಫಾರಮ್ಮುಗಳ ಬಣ್ಣ ನೆನೆದು
ಸೋಮವಾರ ಗೇಟಿನ ಹತ್ತಿರ
ತಾಯಂದಿರ ಮುಖ ನೋಡದೆ ಒಳಗೆ ಬಂದೆ.

ಈಗ ಉತ್ತರಪತ್ರಿಕೆಗಳು ನನ್ನ ಮುಂದೆ.
ಪ್ರಶ್ನೆ ಐದು: ಭೂಮಿಗೆ ಎಷ್ಟು ಪದರಗಳಿವೆ?
ಮೂರು ಎಂದವರಿಗೆಲ್ಲ ಒಂದೊಂದು ಅಂಕ,
ಎರಡು ಎಂದು ಬರೆದು, ಗೀಟು ಹೊಡೆದು,
ಮೂರು ಮಾಡಿದ ಶ್ರೀವತ್ಸನಿಗೂ.
ನಿಶ್ಮಿತಾ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ:
'ಹದಿನೆಂಟು ಕೋಲಿನವರೆಗೆ ನಾಲ್ಕು.
ಅದರ ಕೆಳಗೆ ಅಪ್ಪ ಇಳಿದಿಲ್ಲ.'

ಕೀ ಉತ್ತರದ ಹಾಳೆಯನ್ನು ಇನ್ನೊಮ್ಮೆ ನೋಡಿದೆ.
ಅದನ್ನು ಬರೆದವರು ಯಾವ ಬಾವಿಗೂ
ಬಗ್ಗಿದ ಹಾಗೆ ಕಾಣುವುದಿಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತಾಯಿತು.
ಒಂದು ಅಂಕ ಸಾಲದು
ಎಂಬುದಷ್ಟೇ ನನ್ನ ತೊಂದರೆ.