ಚೌತಿಯ ದಿನ ಎರಡನೇ ಆಟ

ಕೋಡಿಬಾಗದ ಟಾಕೀಸಿನ ಕ್ಯಾಬಿನ್ನಿನಲ್ಲಿ
ಎರಡು ಯಂತ್ರ, ಒಂದು ಪಂಚಾಂಗ.
ಎಡದ್ದು ಶುಕ್ಲ, ಬಲದ್ದು ಕೃಷ್ಣ,
ಹೆಸರಿಟ್ಟವರು ಪುರ್ಸು ಮಾಜಾಳಿಕರ.
ತೆರೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆ ಮಿನುಗಿದೊಡನೆ
ಒಂದು ಆರಬೇಕು, ಇನ್ನೊಂದು ಹೊತ್ತಬೇಕು.
ನಡುವೆ ಕತ್ತಲೆ ಬಂದರೆ ಕೆಳಗೆ ಬೆಂಚು ಮುರಿಯುತ್ತಾರೆ.

ನಾನು ರೀಲು ಸುತ್ತುವ ಹುಡುಗ. ಹದಿಮೂರು ವರ್ಷ.
ಓಡಿ ಮುಗಿದದ್ದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ
ಸತ್ತವರನ್ನು ಎಬ್ಬಿಸಿ, ತಾಳಿಗಳನ್ನು ಬಿಚ್ಚಿ
ಮತ್ತೆ ಪಾಡ್ಯಕ್ಕೆ ತಂದು ಡಬ್ಬಿಗೆ ತುಂಬುವ ಕೆಲಸ.
"ಹದಿನೈದು ರೀಲು, ಹದಿನೈದು ತಿಥಿ.
ಸಿನೆಮಾ ಅಂದರೆ ಒಂದು ಪಕ್ಷ, ಅಷ್ಟೇ ಮಾರಾಯ."
ಹದಿನಾರು ರೀಲಿನದು ಬಂದರೆ
ದಿನವಿಡೀ ಯಾರೊಡನೆಯೂ ಮಾತಿಲ್ಲ.

ಹುಬ್ಬಳ್ಳಿಯಿಂದ ಪೆಟ್ಟಿಗೆ ಬಂದಾಗ
ಮಾಲಕ ರಾಯ್ಕರರು ಪೋಸ್ಟರು ನೋಡಿದರೆ
ಇವರು ತಿಥಿ ನೋಡುವರು.
ಅಮಾವಾಸ್ಯೆಗೆ ಭೂತ ಬೇಡ, ಅದು ಪೇಟೆಯವರ ಬುದ್ಧಿ.
ಅಮಾವಾಸ್ಯೆಗೆ ನಗೆ ಬೇಕು, ಹೊಟ್ಟೆ ಹುಣ್ಣಾಗುವಷ್ಟು:
ದೋಣಿ ಹೋದ ಮನೆಗಳ ಹೆಂಗಸರು ಬರುತ್ತಾರೆ.
ಅಷ್ಟಮಿಗೆ ಡಬಲ್ ಪಾರ್ಟು,
ಒಬ್ಬ ಕಳ್ಳ, ಒಬ್ಬ ಪೊಲೀಸು, ಒಂದೇ ಮುಖದ ಎರಡು ಹೋಳು.
ಹುಣ್ಣಿಮೆಗೆ ಯಾವುದಾದರೂ ನಡೆಯುತ್ತದೆ.
ಬೆಳದಿಂಗಳಿಗೆ ಬಲೆ ಮೀನಿಗೆ ಕಾಣುತ್ತದೆ,
ಬೈತಖೋಲದ ಗಂಡಸರೆಲ್ಲ ದಡದಲ್ಲೇ,
ಕುರ್ಚಿ ಸಾಲದು.

ನನಗೊಂದು ಕಾಡುತ್ತಿತ್ತು.
ತೆರೆಯ ಮೇಲೆ ಯಾಕೆ ಯಾವತ್ತೂ ಹುಣ್ಣಿಮೆ?
ಪ್ರೀತಿಸಿದರೂ ಅದೇ, ವಿಷ ಕುಡಿದರೂ ಅದೇ,
ಒಂದೇ ಹಾಡಿನಲ್ಲಿ ಮಗು ಹುಟ್ಟಿ ಬೆಳೆದು ಶಾಲೆಗೆ ಹೋದರೂ
ಒಂದು ಕಲೆ ಸವೆಯದ ಚಂದ್ರ.
ಕಾರ್ಬನ್ ಕಡ್ಡಿ ಸರಿಸುತ್ತ ಪುರ್ಸು ಅಂದರು:
"ಅವರಿಗೆ ಸಮುದ್ರವಿಲ್ಲ."

ಆ ವರ್ಷದ ಚೌತಿಗೆ
ಸುಳ್ಳು ಕಳವಿನ ಚಿತ್ರವನ್ನೇ ಆರಿಸಿದ್ದರು.
ಮಣಿ ಕಳೆದ ಕತೆ ಕೇಳಿದರೆ ದೋಷ ಕಳೆಯುತ್ತದಲ್ಲ,
ನೋಡಿದರೂ ಆದೀತು ಎಂಬ ಲೆಕ್ಕ.
ಮಳೆಯಿಲ್ಲದ ಸಂಜೆ ಕೊಡೆ ಬಿಚ್ಚಿಕೊಂಡು
ಆಕಾಶ ತಪ್ಪಿಸಿ ಬಂದರು.
ಎಂಟೂವರೆಗೆ ದೇವಗಡದ ದೀಪದ ಹಿಂದೆ
ಕತ್ತರಿಸಿದ ಉಗುರಿನಂಥದು ನೀರಿಗಿಳಿಯಿತು.
ನಾನು ಕದ್ದು ನೋಡಿದೆ.
ಹತ್ತು ದಾಟಿದ ಮೇಲೆ, ನಾಲ್ಕನೇ ರೀಲು,
ಕಾಗದದ ತೆಂಗಿನ ಮೇಲೆ ತಟ್ಟೆಯಂಥ ಚಂದ್ರ.
ಕಿಂಡಿಯಿಂದ ಫೋಕಸ್ ನೋಡಲೇಬೇಕಲ್ಲ,
ನೋಡಿದರು.

ಮರುದಿನ ಕೌಂಟರಿನ ಪೆಟ್ಟಿಗೆಯಲ್ಲಿ
ನಾನೂರ ಹದಿನೆಂಟು ರೂಪಾಯಿ ಇಲ್ಲ.
ಕೀಲಿ ಇದ್ದದ್ದು ಮೂರು ಕಡೆ:
ರಾಯ್ಕರರ ಸೊಂಟ, ಅವರ ಭಾವನ ಕಿಸೆ, ಕ್ಯಾಬಿನ್ನಿನ ಮೊಳೆ.
ಸೊಂಟವನ್ನು ಕೇಳುವಂತಿಲ್ಲ, ಕಿಸೆ ನೆಂಟರದು.
ಮೊಳೆಯನ್ನು ಕೇಳಿದರು.

ಮಹಾಲಯದ ತನಕ ಪುರ್ಸು ಕಾಳಿ ದಾಟಲಿಲ್ಲ.
ಹಣ ಹುಬ್ಬಳ್ಳಿಗೆ ಹೋದ ಲೆಕ್ಕದೊಳಗೇ ಇತ್ತು,
ಭಾವ ಕಳಿಸಿ ಮರೆತಿದ್ದ.
ತಪ್ಪಾಯಿತು ಅನ್ನಲು ಮಾಜಾಳಿಗೆ ಯಾರೂ ಹೋಗಲಿಲ್ಲ;
ಇಳಿತ, ತರಿ ಸಿಗುವುದಿಲ್ಲ ಅಂದರು.
ಕರೆಯಲು ನನ್ನನ್ನು ಕಳಿಸಿದರು.
ತರಿ ಸಿಕ್ಕಿತು.
ಕದ್ದು ನೋಡಿದ್ದು ನಾನು ಎಂದು ಹೇಳಬೇಕೆಂದಿದ್ದೆ.
ಅವರು ಬಂಗಡೆ ಸಾರು ಬಡಿಸಿದರು, ಉಂಡೆ, ಹೇಳಲಿಲ್ಲ.

ಮುಂದಿನ ಚೌತಿ. ಯಾವುದೋ ಚಿತ್ರ, ಯಾವುದೋ ಹಾಡು.
ಮೋಡ ಸರಿದು ಚಂದ್ರ ಬರುವಷ್ಟರಲ್ಲಿ
ಪುರ್ಸು ಎದ್ದು ಕಿಂಡಿಗೆ ಅಂಗೈ ಒಡ್ಡಿದರು.
ತೆರೆಯ ತುದಿಯಿಂದ ಗುಡ್ಡದ ಗಾತ್ರದ ಐದು ಬೆರಳು
ಮಸುಕಾಗಿ ಇಳಿದವು.
ನಾಯಕಿ ಕತ್ತಲಿಗೆ ಕೈಚಾಚಿ ಹಾಡಿದಳು.
ಸಿಳ್ಳೆ, ಕೂಗು, ಕುರ್ಚಿ ಬಡಿತ,
ಇನ್ನೂರು ಮುನ್ನೂರು ಜನ ಒಟ್ಟಾಗಿ
ಅವರ ತಾಯಿಯನ್ನು ಬೈದರು.
ಚರಣ ಮುಗಿಯುವ ತನಕ ಕೈ ತೆಗೆಯಲಿಲ್ಲ.

ಆಮೇಲೆ ಆ ರೀಲು ನನ್ನ ಮೇಜಿಗೆ ಬಂತು.
ಬೆಚ್ಚಗಿತ್ತು.
ಚೌಕಕ್ಕೊಂದು ಚಂದ್ರ, ಸಾಸಿವೆಯಷ್ಟು,
ಸಾವಿರಗಟ್ಟಲೆ.
ಕಣ್ಣು ಮುಚ್ಚಿಕೊಂಡು
ಬೆರಳಿನಿಂದಲೇ ಸುತ್ತಿದೆ.